ನೈರೋಬಿಯಿಂದ: ತಂಗಿ ಪುಟ್ಟಿಯ ಆಟ ಬಿಡಿಸಬೇಡಿ

ನೈರೋಬಿ
17-8-2025, ಭಾನುವಾರ

ಅಪ್ಪಾಜಿಗೆ, ಅವ್ವನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಶುಕ್ರವಾರ ದುಡ್ಡು ಹಾಕಿದ್ದೇನೆ, ಬಂತಾ ನೋಡಿ.

ನೀವು ಬರೆದಿದ್ದನ್ನು ಸೋಮಣ್ಣ ಮಾವ ಫೋಟೋ ತೆಗೆದು ಕಳಿಸಿದ್ದರು. ನಾಲ್ಕು ಸಲ ಓದಿದೆ. ಫೋನ್‌ನಲ್ಲಿ ಹೇಳಿದರೆ ನೀವು "ಆಯ್ತು ಬಿಡು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಪುಟ್ಟಿಯ ಮಂಡಿ ಊದಿದ್ದಕ್ಕೆ ನಿಮಗೆ ಗಾಬರಿ ಆಗಿದ್ದು ಸರಿ. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಮೂಳೆಗೆ ಏನೂ ಆಗಿಲ್ಲ, ಮೂರು ವಾರ ಸುಮ್ನಿದ್ದರೆ ಸಾಕು ಅಂತ ಡಾಕ್ಟರೇ ಹೇಳಿದ್ದಾರೆ ಅಲ್ವಾ? ಹಾಗಿದ್ದ ಮೇಲೆ ಖೋ ಖೋನೇ ಬಿಡಿಸಿದ್ದು ಯಾಕೆ? "ಹತ್ತನೇ ಕ್ಲಾಸು, ಇನ್ನು ಆಟ ಸಾಕು" ಅಂತ ನೀವು ಬರೆದಿದ್ದೀರಿ. ಅವ್ವ ಫೋನ್‌ನಲ್ಲಿ ಹೇಳಿದ್ದು ಬೇರೆ. ಆಟ ಬಿಡಿಸಿದ ಮೇಲೆ ಅವಳು ಸ್ಕೂಲಿಗೆ ಹೋಗುವುದಕ್ಕೇ ಒಲ್ಲೆ ಅನ್ನುತ್ತಾಳಂತೆ, ವಾರದಲ್ಲಿ ಎರಡು ದಿನ ಹೊಟ್ಟೆನೋವು ಅಂತ ಮಲಗುತ್ತಾಳಂತೆ. ನನಗೆ ಭಯ ಆಗಿರುವುದು ಇದಕ್ಕೆ, ಮಂಡಿಗಲ್ಲ.

ಇಲ್ಲಿ ಮಾಥರೆ ಅಂತ ದೊಡ್ಡ ಕೊಳೆಗೇರಿ ಇದೆ. ನಮ್ಮ ಗೋಡೌನ್‌ನಲ್ಲಿ ಸ್ಟಾಕ್ ನೋಡಿಕೊಳ್ಳುವ ಹುಡುಗ ಅಲ್ಲಿಯವನೇ. ಅವನ ಜೊತೆ ಹೋಗಿದ್ದೆ. ಅವ್ವ ಹೆದರಬೇಡ, ಹಗಲು ಹೊತ್ತು, ಅವನು ಪಕ್ಕದಲ್ಲೇ ಇದ್ದ, ಪರ್ಸನ್ನು ರೂಮಿನಲ್ಲೇ ಇಟ್ಟಿದ್ದೆ. ತಗಡಿನ ಮನೆಗಳು, ನಡುವೆ ಮೋರಿ, ಮಧ್ಯದಲ್ಲಿ ಕೆಂಪು ಮಣ್ಣಿನ ಮೈದಾನ. ಅಲ್ಲಿ 1987ರಲ್ಲಿ ಮಕ್ಕಳ ಫುಟ್‌ಬಾಲ್ ಸಂಘ ಶುರುವಾಯಿತು, ಹೆಸರು ಮೈಸಾ. ಪ್ಲಾಸ್ಟಿಕ್ ಚೀಲಗಳನ್ನು ದಾರದಲ್ಲಿ ಸುತ್ತಿ ಚೆಂಡು ಮಾಡಿಕೊಂಡು ಆಡುತ್ತಿದ್ದ ಹುಡುಗರನ್ನು ನೋಡಿ ಬಾಬ್ ಮನ್ರೋ ಅನ್ನುವ ಕೆನಡಾದವರು ಕಟ್ಟಿದ್ದು.

ಅವರ ಲೀಗಿನ ಲೆಕ್ಕ ಕೇಳಿ. ಮ್ಯಾಚ್ ಗೆದ್ದರೆ 3 ಪಾಯಿಂಟ್. ಟೀಮಿನವರೆಲ್ಲ ಸೇರಿ ತಮ್ಮ ಬೀದಿಯ ಕಸ ಎತ್ತಿ, ಮೋರಿ ಬಳಿದು ಬಂದರೆ 6 ಪಾಯಿಂಟ್! ಮೈದಾನದಲ್ಲಿ ಒಳ್ಳೆಯ ನಡತೆ ತೋರಿಸಿದವರಿಗೆ ಹಸಿರು ಕಾರ್ಡ್ ಕೊಡುತ್ತಾರೆ. ಚಿಕ್ಕವರಿಗೆ ಆಟ ಕಲಿಸಿದರೆ, ರೆಫರಿ ಆದರೆ, ಆ ಹುಡುಗನ ಹೆಸರಿಗೆ ಬೇರೆ ಪಾಯಿಂಟ್ ಸೇರುತ್ತದೆ. ಹೆಚ್ಚು ಪಾಯಿಂಟ್ ಇದ್ದವರ ಸ್ಕೂಲ್ ಫೀಸನ್ನು ಸಂಘವೇ ಕಟ್ಟುತ್ತದೆ, ನೇರವಾಗಿ ಸ್ಕೂಲಿಗೆ. ಈ ಕೀನ್ಯಾ ದೇಶದಲ್ಲಿ ಪ್ರೈಮರಿ ಫೀಸನ್ನು 2003ರಲ್ಲಿ ತೆಗೆದರು, ಆದರೂ ಹೈಸ್ಕೂಲಿಗೆ ಬರುವ ಹೊತ್ತಿಗೆ ಬಡವರಿಗೆ ಖರ್ಚು ತಡೆಯುವುದಿಲ್ಲ. ನಮ್ಮ ಗೋಡೌನ್ ಹುಡುಗ ಹೈಸ್ಕೂಲು ಮುಗಿಸಿದ್ದು ಹೀಗೇ. "ಶನಿವಾರ ಮ್ಯಾಚ್ ಇರುತ್ತಿತ್ತು, ಅದಕ್ಕೇ ಸೋಮವಾರ ಸ್ಕೂಲಿಗೂ ಹೋಗುತ್ತಿದ್ದೆ" ಅಂದ. ಆ ಮಾತು ಕೇಳಿದಾಗ ನನಗೆ ಪುಟ್ಟಿಯೇ ಕಣ್ಣ ಮುಂದೆ ಬಂದಳು.

ಅವರದೇ ದೊಡ್ಡ ಟೀಮು ಮಾಥರೆ ಯುನೈಟೆಡ್ 2008ರಲ್ಲಿ ಇಡೀ ಕೀನ್ಯಾದ ಲೀಗ್ ಗೆದ್ದಿದೆ. ಹೆಣ್ಣುಮಕ್ಕಳ ಫುಟ್‌ಬಾಲ್ ಶುರುವಾಗಿದ್ದು 1992ರಲ್ಲಿ. ಗೋಡೌನ್ ಹುಡುಗನ ಅಕ್ಕ ಆಡಲು ಹೊರಟಾಗ ಅವರಪ್ಪನೂ ಬೈದರಂತೆ. ನೀರು ತರುವವರು ಯಾರು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಅಂತ. ಈಗ ಆಕೆ ಟೀಚರ್.

ನಮ್ಮ ಅಕ್ಕನನ್ನು ಏಳನೇ ಕ್ಲಾಸಿಗೆ ಬಿಡಿಸಿದಾಗ ನಾನು ಚಿಕ್ಕವನು, ಬಾಯಿ ಬಿಡಲಿಲ್ಲ. ನಿಮ್ಮನ್ನು ದೂರುತ್ತಿಲ್ಲ ಅಪ್ಪಾಜಿ, ಆಗ ಮನೆ ಸ್ಥಿತಿ ಹಾಗಿತ್ತು. ಈಗ ಹಾಗಿಲ್ಲ, ನಾನಿದ್ದೇನೆ.

"ಹೆಣ್ಣುಮಗು ಚಡ್ಡಿ ಹಾಕಿಕೊಂಡು ಓಡಿದರೆ ನಾಳೆ ಯಾರು ಮಾಡಿಕೊಳ್ಳುತ್ತಾರೆ" ಅಂತ ದೊಡ್ಡಪ್ಪ ಅಂದರಂತೆ. ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ದೇಶದ ಹೆಣ್ಣುಮಕ್ಕಳ ಟೀಮಿನಲ್ಲಿ ಚೈತ್ರಾ ಇದ್ದಳಲ್ಲ, ಆಕೆ ತಿ. ನರಸೀಪುರದ ಹತ್ತಿರದ ಕುರುಬೂರಿನವಳು. ನಮ್ಮಂಥದೇ ಹಳ್ಳಿ. ದೊಡ್ಡಪ್ಪನಿಗೆ ಇದನ್ನು ಹೇಳಿ. ಪುಟ್ಟಿಯೂ ಅಲ್ಲಿಗೆ ಹೋಗುತ್ತಾಳೆ ಅಂತಲ್ಲ. ಬೆಳಿಗ್ಗೆ ಎದ್ದು ಸ್ಕೂಲಿಗೆ ಹೋದರೆ ನನಗೆ ಅಷ್ಟೇ ಸಾಕು.

ಮಂಡಿ ವಾಸಿಯಾದ ಮೇಲೆ, ಸಂಜೆ ಒಂದು ಗಂಟೆ. ಅಷ್ಟು ಆಡಲು ಬಿಡಿ. ಪಿ.ಟಿ. ಮೇಷ್ಟ್ರ ಹತ್ತಿರ ನಾನೇ ಮಾತಾಡುತ್ತೇನೆ. ಕಂಬದ ಹತ್ತಿರ ಡೈವ್ ಹೊಡೆಯುವುದು ಸದ್ಯಕ್ಕೆ ಬೇಡ ಅಂತಲೂ ಹೇಳುತ್ತೇನೆ. ಶೂಗೆ, ನೀ ಕ್ಯಾಪ್‌ಗೆ ಬೇರೆ ದುಡ್ಡು ಹಾಕುತ್ತೇನೆ. ಟ್ಯೂಷನ್ನಿಗೂ ನಾನೇ ಕೊಡುತ್ತೇನೆ.

ಅವ್ವ, ಊಟದ ಚಿಂತೆ ಬೇಡ. ಇವರ ಉಗಾಲಿ ನಮ್ಮ ಮುದ್ದೆ ಥರಾನೇ, ಮುಸುಕಿನ ಜೋಳದ ಹಿಟ್ಟಿನದು, ಬೆಳ್ಳಗಿರುತ್ತದೆ. ರಾಗಿಗೆ ಇಲ್ಲಿ ವಿಂಬಿ ಅಂತಾರೆ, ಗಂಜಿ ಮಾಡಿ ಕುಡಿಯುತ್ತಾರೆ. ನಾನು ಅದೇ ಹಿಟ್ಟು ತಂದು ಮುದ್ದೆ ತಿರುವಿ ಗೋಡೌನ್ ಹುಡುಗನಿಗೆ ಕೊಟ್ಟೆ, ಎರಡು ತಿಂದ. ಆಗಸ್ಟ್ ಅಂದರೂ ಇಲ್ಲಿ ಚಳಿ, ಸ್ವೆಟರ್ ಹಾಕುತ್ತೇನೆ. ಜ್ವರ ಇಲ್ಲ, ಕೆಮ್ಮಿಲ್ಲ, ತೂಕ ಜಾಸ್ತಿ ಆಗಿದೆ. ನಿಜವಾಗಲೂ ಚೆನ್ನಾಗಿದ್ದೇನೆ.

ಕೆಳಗೆ ಗಾಡಿ ಹಾರ್ನ್ ಹೊಡೆಯುತ್ತಿದೆ. ಅಪ್ಪಾಜಿ, ಬಿ.ಪಿ. ಮಾತ್ರೆ ಬಿಡಬೇಡಿ. ನಾಳೆ ಪುಟ್ಟಿ ಸ್ಕೂಲಿಗೆ ಹೋದಳಾ ಅಂತ ಮಾವನ ಕೈಲಿ ಒಂದು ಮೆಸೇಜ್ ಹಾಕಿಸಿ, ಮರೆಯಬೇಡಿ.

ನಿಮ್ಮ ಮಗ