ಪುಟ್ಟಿ ಸೊರಗಿಲ್ಲ, ಅಮ್ಮ

ಪ್ರೀತಿಯ ಅಮ್ಮನಿಗೆ,

ಭಾನುವಾರ ವಿಡಿಯೊ ಕಾಲ್‌ನಲ್ಲಿ ಪುಟ್ಟಿಯನ್ನು ನೋಡಿ "ಮಗು ಸೊರಗಿ ಹೋಗಿದೆ, ಊಟ ಹಾಕ್ತೀಯೋ ಇಲ್ವೋ" ಅಂದೆಯಲ್ಲ, ಫೋನಿಟ್ಟ ಮೇಲೆ ಸ್ವಲ್ಪ ಅತ್ತೆ. ಈಗ ಸಮಾಧಾನವಾಗಿ ಎಲ್ಲ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಮೂರು ತಿಂಗಳ ಹಿಂದೆ, ಎರಡು ವರ್ಷ ತುಂಬಿದಾಗ, ಅವಳ ತೂಕ 9.6 ಕಿಲೋ ಇತ್ತು. ಡಾಕ್ಟರ್ ಮೊದಲು ಕೇಳಿದ್ದು ಊಟದ ಸುದ್ದಿಯಲ್ಲ, ಹಾಲಿನ ಸುದ್ದಿ. ಲೆಕ್ಕ ಹಾಕಿದರೆ ದಿನಕ್ಕೆ ನಾಲ್ಕು ಬಾಟಲಿ, 800 ಮಿಲಿಲೀಟರ್! ಊಟ ಬಿಟ್ಟಳಲ್ಲ ಅಂತ ನಾನು ಹಾಲು ಕೊಡೋದು, ಹಾಲಿಗೇ ಹೊಟ್ಟೆ ತುಂಬಿ ಅವಳು ಊಟ ಬಿಡೋದು. ಅಷ್ಟು ಹಾಲು ಕುಡಿದರೆ ಮೈಯಲ್ಲಿ ಕಬ್ಬಿಣದ ಅಂಶವೂ ಇಳಿಯುತ್ತದಂತೆ, ಅದು ಇಳಿದರೆ ಹಸಿವೂ ಕಡಿಮೆ. ಈಗ 400 ಮಿಲಿಲೀಟರ್ ಅಷ್ಟೇ. ಅದೂ ಲೋಟದಲ್ಲಿ, ಊಟ ಆದಮೇಲೆ.

ನನ್ನ ಚಮಚದ ಕಾಟವೂ ಕಮ್ಮಿ ಇರಲಿಲ್ಲ. ಕಾರ್ಟೂನ್ ಹಾಕಿ, ಬಾಯಿ ತೆರೆದಾಗ ತುರುಕುತ್ತಿದ್ದೆ. ಒಂದು ತುತ್ತು ಕೆನ್ನೆಯೊಳಗೇ ಕಾಲು ಗಂಟೆ ಕೂತಿರುತ್ತಿತ್ತು. ಈಗ ಚಮಚ ಅವಳ ಕೈಯಲ್ಲಿ. ಮೂರು ಗಂಟೆಗೊಮ್ಮೆ ಏನಾದರೂ ಕೊಡುತ್ತೇನೆ, ನಡುವೆ ನೀರು ಬಿಟ್ಟು ಏನೂ ಇಲ್ಲ. ಅರ್ಧ ಗಂಟೆಯಾದರೆ, ತಿಂದಿರಲಿ ಬಿಡಲಿ, ತಟ್ಟೆ ಎತ್ತಿಬಿಡುತ್ತೇನೆ. ಮೊದಲ ವಾರ ಹಾಗೆ ಎತ್ತುವಾಗ ಎಷ್ಟು ಸಂಕಟವಾಗುತ್ತಿತ್ತು ಗೊತ್ತಾ? ನಿನ್ನೆ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆಯನ್ನು ಹುಬ್ಬಿಗೆಲ್ಲ ಮೆತ್ತಿಕೊಂಡು, ಖಾಲಿ ತಟ್ಟೆ ನನ್ನ ಕಡೆ ತಳ್ಳಿ "ಇನ್ನೂ" ಅಂದಳು.

ಅವಳದು ಪುಟ್ಟ ಹೊಟ್ಟೆ, ತುತ್ತು ಜಾಸ್ತಿ ಹಿಡಿಯಲ್ಲ. ಹಾಗಾಗಿ ಇರುವ ತುತ್ತಿಗೇ ಬಲ ಕೊಡಬೇಕು. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲರಿ, ಅಷ್ಟೇ ಎಣ್ಣೆಯಲ್ಲಿ 9. ಅದಕ್ಕೇ ಬೇಳೆಗೆ ಒಂದು ಚಮಚ ಎಣ್ಣೆ, ಜೊತೆಗೆ ಮೊಟ್ಟೆ, ಗಟ್ಟಿ ಮೊಸರು, ನುಣ್ಣಗೆ ಅರೆದ ಕಡಲೆಕಾಯಿ ಬೀಜ. ಇಡೀ ಬೀಜ ಕೊಡಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ. ನೀನು ಕಳಿಸ್ತೀನಿ ಅಂದ ಡಬ್ಬದ ಪುಡಿ ಬೇಡಮ್ಮ. ಬೇಜಾರು ಮಾಡ್ಕೋಬೇಡ. ಅದರಲ್ಲಿ ಸಕ್ಕರೆ ಜಾಸ್ತಿ, ಮತ್ತೆ ಅದನ್ನು ಹಾಲಿಗೇ ತಾನೇ ಹಾಕಬೇಕು?

ಡಾಕ್ಟರ್ ಮಕ್ಕಳ ತೂಕ ಹೋಲಿಸಿ ನೋಡುವ ಬೆಳವಣಿಗೆಯ ಚಾರ್ಟಿಗೆ ನೀನು "ಅಲ್ಲಿನ ಚಾರ್ಟು ಅಲ್ಲಿನ ಮಕ್ಕಳಿಗೆ" ಅಂದೆಯಲ್ಲ, ಅದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿದ್ದು. ಆರು ದೇಶಗಳ ಮಕ್ಕಳನ್ನು ತೂಗಿ, ಅಳೆದು ಮಾಡಿದ್ದು, ಭಾರತವೂ ಅದರಲ್ಲಿದೆ. ಎರಡು ವರ್ಷದ ಹೆಣ್ಣುಮಕ್ಕಳಿಗೆ ನಡುವಿನ ಗೆರೆ 11.5 ಕಿಲೋ. ಪುಟ್ಟಿ ಅದಕ್ಕಿಂತ ಕೆಳಗೇ ಇದ್ದಾಳೆ, ನಿಜ. ಆದರೆ ಡಾಕ್ಟರ್ ನೋಡುವುದು ಅವಳ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಅಂತ. ಈ ವಯಸ್ಸಲ್ಲಿ ವರ್ಷಕ್ಕೆ ಸುಮಾರು ಎರಡು ಕಿಲೋ ಏರಿದರೆ ಸಾಕಂತೆ. ಕಳೆದ ವಾರ ತೂಗಿದಾಗ 10.3 ಇತ್ತು. ನಾನೂ ಸಣಕಲಿಯೇ ಆಗಿದ್ದೆ ಅಲ್ವಾ?

ಈ ಭಾನುವಾರ ಅವಳ ಊಟ ಮುಗಿದ ಮೇಲೆ ಫೋನ್ ಮಾಡುತ್ತೇನೆ, ಊಟದ ಹೊತ್ತಿಗೆ ಮೊಬೈಲ್ ಬಂದ್. ಸೊರಗಿದ್ದಾಳೆ ಅಂತ ಮಾತ್ರ ಅವಳ ಎದುರಿಗೆ ಅನ್ನಬೇಡ. ಈಗ ಎಲ್ಲ ಅರ್ಥವಾಗುತ್ತೆ ಅವಳಿಗೆ.

ನಿನ್ನ ಮಗಳು