ಅಜ್ಜಿ ಮಾತನ್ನ ತಿದ್ದಬೇಡ, ಹಾಗೇ ಹಿಡಿದಿಡು

ನೈಮೇಗನ್, ನೆದರ್ಲೆಂಡ್ಸ್

ಪ್ರೀತಿಯ ಪುಟ್ಟಿ,

ಅಜ್ಜಿ ಮಾತನ್ನ ರೆಕಾರ್ಡ್ ಮಾಡ್ತೀನಿ ಅಂತ ಬರೆದಿದ್ದೀಯ, ತುಂಬಾ ಖುಷಿಯಾಯ್ತು. ಬೆಂಗಳೂರಿನ ಬಳೇಪೇಟೆಯಲ್ಲಿ ಬೆಳೆದು ಬಸವನಗುಡಿ ಸೇರಿದವರ ಕನ್ನಡ ಅದು. ಶಾಲೆ ಕನ್ನಡವೂ ಅಲ್ಲ, ಟೀವಿ ಕನ್ನಡವೂ ಅಲ್ಲ. ಮಾಡೋದಾದ್ರೆ ಕೆಲಸಕ್ಕೆ ಬರೋ ಹಾಗೆ ಮಾಡೋಣ.

ಮೊದಲು ಫ್ಯಾನ್ ಆಫ್ ಮಾಡು. 'ಹ' ಅನ್ನೋದು ಬರೀ ಉಸಿರಿನ ಸದ್ದು, ಫ್ಯಾನಿನ ಸದ್ದೂ ಅದೇ ಜಾತಿಯದು. ಎರಡೂ ಬೆರೆತರೆ ಅಜ್ಜಿ 'ಹಾಲು' ಅಂದ್ರಾ 'ಆಲು' ಅಂದ್ರಾ ಅಂತ ಆಮೇಲೆ ಎಷ್ಟು ಸಲ ಕೇಳಿದ್ರೂ ಗೊತ್ತಾಗಲ್ಲ. ಫೋನಿನಲ್ಲಿ 'ಗದ್ದಲ ಕಮ್ಮಿ ಮಾಡು' ಅನ್ನೋ ಸವಲತ್ತಿದ್ರೆ ಅದನ್ನೂ ಆಫ್ ಮಾಡು, ಅದು ಗದ್ದಲದ ಜೊತೆ 'ಹ'ಕಾರವನ್ನೂ ನುಂಗುತ್ತೆ. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡು. ನೇರ ಎದುರಿಗಿಟ್ರೆ 'ಪ', 'ಬ' ಬಂದಾಗೆಲ್ಲ ಉಸಿರು ಬಡಿದು ಢಬ್ ಅನ್ನುತ್ತೆ. ಹಾಲ್‌ಗಿಂತ ಬೆಡ್‌ರೂಮೇ ಮೇಲು. ಹಾಸಿಗೆ, ಪರದೆ ಎಲ್ಲ ಪ್ರತಿಧ್ವನಿ ಹೀರ್ಕೊಳ್ಳುತ್ತೆ.

ವಾಟ್ಸಾಪ್ ವಾಯ್ಸ್ ನೋಟ್ ಬೇಡ. ಸೈಜ್ ಕಮ್ಮಿ ಮಾಡೋಕೆ ಅದು ಸದ್ದನ್ನ ಹಿಂಡಿಬಿಡುತ್ತೆ, ಮೊದಲು ಹೋಗೋದು ಮೇಲಿನ ತೀಕ್ಷ್ಣ ಸದ್ದುಗಳು. 'ಸ', 'ಶ' ಬೇರೆ ಅಂತ ಕಿವಿಗೆ ತಿಳಿಯೋದೇ ಅವುಗಳಿಂದ. ರೆಕಾರ್ಡರ್ ಸೆಟ್ಟಿಂಗ್ಸ್‌ನಲ್ಲಿ ವೇವ್ (WAV) ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ ಆರಿಸ್ಕೋ. ನಿಮಿಷಕ್ಕೆ 5 ಎಂಬಿ ಚಿಲ್ಲರೆ ಆಗುತ್ತೆ, ಗಂಟೆಗೆ ಸುಮಾರು 320. ಅಷ್ಟು ಜಾಗ ಮಾಡ್ಕೊಂಡೇ ಕೂತ್ಕೋ.

ಇನ್ನು ಕೇಳೋ ರೀತಿ. ಹೆಚ್ಚಿನವರು ಎಡವೋದು ಇಲ್ಲೇ. 'ಅಜ್ಜಿ, ಈ ಪದ ಹೇಗೆ ಹೇಳ್ತೀರಿ?' ಅಂತ ಮಾತ್ರ ಕೇಳಬೇಡ. ಕೇಳಿದ ಕೂಡಲೇ ಅವರು ನೆಟ್ಟಗೆ ಕೂತು ಪುಸ್ತಕದ ಕನ್ನಡ ಶುರು ಮಾಡ್ತಾರೆ. ಅದರ ಬದಲು ಹಿತಕವರೆ ಸಾರು ಮಾಡೋದು ಹೇಗೆ ಅಂತ ಕೇಳು. ಸೊಗಡಿನ ಕಾಯಿ ಆರಿಸೋದು, ಕಾಳು ಬಿಡಿಸಿ ರಾತ್ರಿ ನೆನೆಹಾಕೋದು, ಬೆಳಿಗ್ಗೆ ಎರಡು ಬೆರಳಲ್ಲಿ ಹಿತುಕಿ ಸಿಪ್ಪೆ ಜಾರಿಸೋದು, ಮಸಾಲೆ ರುಬ್ಬೋದು. ಹಂತ ಹಂತವಾಗಿ ಹೇಳುವಾಗ ಮನಸ್ಸೆಲ್ಲ ಕಾಳಿನ ಮೇಲಿರುತ್ತೆ, ಭಾಷೆ ಮೇಲಲ್ಲ. 'ನೆನೆಹಾಕ್ಬಿಟ್ಟು' ಅಂತಾರಾ, 'ನೆನ್ಯಾಕ್ಬುಟ್ಟು' ಅಂತಾರಾ? ಆ 'ಬು' ಬಂದ್ರೆ ಅದಕ್ಕೆ ಕಾರಣ ಇದೆ. 'ಬ' ಹೇಳೋಕೆ ತುಟಿ ಮುಚ್ಚಿರುತ್ತೆ, ಮುಂದೆ 'ಟ್ಟು'ವಿನ ಉಕಾರ ಕಾದಿರುತ್ತೆ, ನಡುವಿನ ಇಕಾರವೂ ತುಟಿ ಗುಂಡಗೆ ಮಾಡ್ಕೊಂಡು ಉಕಾರ ಆಗುತ್ತೆ. ಬಿಡು ಬುಡು ಆಗೋದೂ ಹೀಗೇ. ಇದು ತಪ್ಪು ಕನ್ನಡ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡ.

ಅಡುಗೆ ಕೇಳಿದ್ರೆ ಬರೀ 'ಹಾಕ್ಬೇಕು, ಮಾಡ್ಬೇಕು' ಸಿಗುತ್ತೆ. ಹಿಂದೆ ನಡೆದದ್ದನ್ನ ಹೇಳೋ ಕ್ರಿಯಾಪದಗಳು ಬೇಕಂದ್ರೆ ಹಳೇ ಕಡಲೆಕಾಯಿ ಪರಿಷೆ ಬಗ್ಗೆ ಕೇಳು. ಕಾರ್ತೀಕದ ಕೊನೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಹತ್ರ ಯಾರ್ಯಾರು ಬರ್ತಿದ್ರು, ಸೇರಿಗೆಷ್ಟು ಕೊಡ್ತಿದ್ರು ಅಂತ. ನಡುವೆ ಬಾಯಿ ಹಾಕಬೇಡ. 'ಹೂಂ' ಅನ್ನೋದನ್ನೂ ತಲೆಯಾಡಿಸಿ ಮುಗಿಸು, ಇಲ್ಲದಿದ್ರೆ ನಿನ್ನ ದನಿ ಅವರ ಮಾತಿನ ತುದಿ ಮೇಲೆ ಕೂರುತ್ತೆ.

ಕೆಲವು ಮಾತು ಕೂರಿಸಿ ಕೇಳಿದ್ರೆ ಬರೋದೇ ಇಲ್ಲ. ಹೊರಡೋವಾಗ 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನೋದು, ದೇವರ ದೀಪ 'ಆರಿಸು' ಅನ್ನದೆ 'ಶಾಂತ ಮಾಡು' ಅನ್ನೋದು. ಅಕ್ಕಿ ಮುಗಿದಾಗ, ಬಳೆ ಒಡೆದಾಗ ಅಜ್ಜಿ ಏನಂತಾರೆ? ಇದಕ್ಕೆ ಚಿಕ್ಕ ನೋಟ್‌ಬುಕ್ಕೇ ಸರಿ. ಯಾರು, ಯಾರಿಗೆ, ಯಾವ ಹೊತ್ತಲ್ಲಿ ಅಂದ್ರು ಅಂತ ಬರಿ. ಬರೀ ಮಾತು ಬರೆದು ಸಂದರ್ಭ ಬಿಟ್ಟರೆ ಆಮೇಲೆ ಉಪಯೋಗಕ್ಕಿಲ್ಲ. ಜೋಡಿ ಪದಗಳನ್ನೂ ಗಮನಿಸು. ಮೊದಲ ಅಕ್ಷರ ಹ್ರಸ್ವವಾದ್ರೆ 'ಗಿ', ದೀರ್ಘವಾದ್ರೆ 'ಗೀ'. ಮನೆ ಗಿನೆ, ಕಾಫಿ ಗೀಫಿ. ಹಾಗಾದ್ರೆ ಮೊದಲೇ 'ಗಿ' ಇರೋ 'ಗಿಡ'ಕ್ಕೆ ಏನು ಹಚ್ತಾರೆ? ಅದನ್ನ ಕೇಳೋಕೆ ನನಗೆ ಬಹಳ ಆಸೆ.

ರೆಕಾರ್ಡ್ ಆದ ಮಾತನ್ನ ಕೇಳ್ತಾ ಬರೆದಿಡೋಕೆ ಈಲಾನ್ (ELAN) ಅಂತ ಉಚಿತ ಸಾಫ್ಟ್‌ವೇರ್ ಇದೆ, ಈ ಊರಿನಲ್ಲಿ ಭಾಷೆ ಬಗ್ಗೆ ಸಂಶೋಧನೆ ಮಾಡೋ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲೇ ಮಾಡಿದ್ದು. ಸದ್ದಿನ ಗೆರೆ ಮೇಲೆ ಒಂದೊಂದು ಉಸಿರಿಗೊಂದು ತುಂಡು ಗುರುತು ಮಾಡಿ, ಕೆಳಗೆ ಎರಡು ಸಾಲು ಹಾಕು. ಕಿವಿಗೆ ಬಿದ್ದ ಹಾಗೆ ಒಂದು, ಬರಹದ ಕನ್ನಡದಲ್ಲಿ ಒಂದು. ಮೊದಲ ಸಾಲಿನಲ್ಲಿ 'ಮಾಡ್ತೀನಿ'ಯನ್ನ 'ಮಾಡುತ್ತೇನೆ' ಮಾಡಬೇಡ. ತೆಲುಗು, ತಮಿಳು, ಉರ್ದು ಪದ ಬಂದ್ರೂ ಹಾಗೇ ಇರಲಿ, ಪೇಟೆ ಮಾತೇ ಹಾಗೆ ಕಟ್ಟಿದ್ದು. ಒಂದು ನಿಮಿಷದ ಮಾತು ಬರೆಯೋಕೆ ಶುರುವಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು, ಬೇಜಾರು ಮಾಡ್ಕೋಬೇಡ.

ರೆಕಾರ್ಡ್ ಮಾಡ್ತಿದ್ದೀನಿ ಅಂತ ಅಜ್ಜಿಗೆ ಹೇಳಿಯೇ ಶುರು ಮಾಡು. ಮನೆ ಜಗಳ, ನೆಂಟರ ಮಾತು ಬಂದ್ರೆ ಆ ಭಾಗ ಯಾರಿಗೂ ಕಳಿಸಬೇಡ. ಮೂಲ ಫೈಲನ್ನ ಕತ್ತರಿಸದೆ ಎರಡು ಕಡೆ ಇಡು, ಹೆಸರಿನಲ್ಲಿ ದಿನಾಂಕ ಮತ್ತು ವಿಷಯ ಇರಲಿ. ಮೊದಲ ಹತ್ತು ನಿಮಿಷದ ಫೈಲನ್ನ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸು. ಸದ್ದು ಚೆನ್ನಾಗಿದ್ರೆ ಮುಂದಿನದು ಅದೇ ಜಾಗದಲ್ಲಿ ಕೂತೇ ಮಾಡು.

ಅಪ್ಪ ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಕ್ಕ