ಹಡಗಿನಿಂದ ಇಳಿದು ಕುಂಬ್ಳೆ ಬೌಲ್ ಮಾಡಿದ ಮೈದಾನಕ್ಕೆ

ಪ್ರಿಯ ಸೂರಿ,

ಕೆರಿಬಿಯನ್ ಕ್ರೂಸ್‌ಗೆ, ಅಂದರೆ ದ್ವೀಪದಿಂದ ದ್ವೀಪಕ್ಕೆ ಸುತ್ತುವ ಹಡಗಿನ ಪ್ರವಾಸಕ್ಕೆ, ಹೋಗಬಹುದಾ ಅಂತ ಕೇಳಿದ್ದೆಯಲ್ಲ, ಮೊದಲು ಅದಕ್ಕೆ ಉತ್ತರ ಕೊಟ್ಟುಬಿಡುತ್ತೇನೆ. ಧಾರಾಳವಾಗಿ ಹೋಗು. ಆದರೆ ಹಡಗಿಗೋಸ್ಕರ ಹೋಗಬೇಡ, ಅದು ನಿಲ್ಲುವ ಊರುಗಳಿಗೋಸ್ಕರ ಹೋಗು. ಮುಂದಿನ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ, ಫ್ಲೋರಿಡಾದ ಟ್ಯಾಂಪಾದ ತಂಗಿ ಮನೆಗೆ ಬರ್ತಿದೀಯ ಅಂದೆಯಲ್ಲ, ಹೇಗೂ ಅಷ್ಟು ದೂರ ಬಂದಿರುತ್ತೀಯ.

ನಾವು ಹೋಗಿಬಂದ ಹಡಗಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ದೊಡ್ಡ ಮದುವೆ ಛತ್ರಕ್ಕೆ ಎಂಜಿನ್ ಕಟ್ಟಿ ನೀರಿಗೆ ಬಿಟ್ಟರೆ ಹೇಗಿರುತ್ತೋ ಹಾಗಿದೆ. ಮೂರು ನಾಲ್ಕು ಸಾವಿರ ಜನ. ಯಾವಾಗ ನೋಡಿದರೂ ಯಾರೋ ಊಟ ಮಾಡುತ್ತಿರುತ್ತಾರೆ, ಯಾವುದೋ ಮೂಲೆಯಲ್ಲಿ ಬ್ಯಾಂಡ್ ನಡೆಯುತ್ತಿರುತ್ತದೆ. ಕ್ರಿಸ್‌ಮಸ್ ವಾರ ಬೇರೆ. ಎಲ್ಲೆಲ್ಲೂ ದೀಪ, ಗಂಟೆ, ಕೆಂಪು ಟೋಪಿ. ಈಜುಕೊಳದಲ್ಲಿ ನೀರಿಗಿಂತ ಮಕ್ಕಳೇ ಜಾಸ್ತಿ. ನನ್ನ ಮಗಳಿಗೆ ಅದೇ ಸ್ವರ್ಗ, ನನಗೆ ಎರಡನೇ ದಿನಕ್ಕೇ ಸಾಕಾಯಿತು. ಡಿಸೆಂಬರ್ ಕೊನೆಯಲ್ಲಿ ಟಿಕೆಟ್ಟೂ ದುಬಾರಿ. ಅದರ ಮೇಲೆ ತಲೆಗೆ ದಿನಕ್ಕೆ 15ರಿಂದ 20 ಡಾಲರ್ ಟಿಪ್ಸ್ ಅಂತ ಬಿಲ್ಲಿಗೆ ಸೇರಿಸುತ್ತಾರೆ. ಚಂಡಮಾರುತದ ಕಾಲ ನವೆಂಬರ್ 30ಕ್ಕೆ ಮುಗಿಯುತ್ತದೆ, ಆಮೇಲೆ ಹವೆ ಚೆನ್ನಾಗಿರುತ್ತದೆ. ಮಕ್ಕಳ ರಜೆಯ ತಾಪತ್ರಯ ಇಲ್ಲದಿದ್ದರೆ ಸಂಕ್ರಾಂತಿ ಹೊತ್ತಿಗೆ ಹೋಗು ಅನ್ನುತ್ತಿದ್ದೆ. ನಿನಗೆ ರಜೆ ಸಿಗುವುದೇ ಆಗ ಅಂದಮೇಲೆ ಮಾತಾಡಿ ಉಪಯೋಗವಿಲ್ಲ.

ಊಟದ ಚಿಂತೆ ಮಾತ್ರ ಬಿಡು. ಶುಭಾ ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತ ನನಗೆ ಗೊತ್ತು. ಮೊದಲ ರಾತ್ರಿಯೇ ದೊಡ್ಡ ಡೈನಿಂಗ್ ಹಾಲ್‌ಗೆ ಹೋಗಿ, ಅಲ್ಲಿನ ಹೆಡ್ ವೇಟರ್‌ಗೆ 'ಇಂಡಿಯನ್ ವೆಜಿಟೇರಿಯನ್' ಅಂತ ಹೇಳಿಬಿಡು. ಮಾರನೇ ದಿನದಿಂದ ಮೆನುವಿನಲ್ಲಿ ಇಲ್ಲದ ದಾಲ್, ಪಲ್ಯ ನಿಮ್ಮ ಮೇಜಿಗೆ ಬರುತ್ತದೆ. ನಮಗೆ ಬಡಿಸುತ್ತಿದ್ದವನು ಮಂಗಳೂರಿನ ಹುಡುಗ. ನಾವು ಕನ್ನಡ ಮಾತಾಡುವುದು ಕೇಳಿ, ಕೈಯಲ್ಲಿದ್ದ ಪ್ಲೇಟ್ ಹಾಗೇ ಹಿಡಿದುಕೊಂಡು ನಿಂತುಬಿಟ್ಟ. ಕರಾವಳಿಯ ಹುಡುಗರು ಈ ಹಡಗುಗಳಲ್ಲಿ ತುಂಬಾ ಇದ್ದಾರೆ, ಗೋವಾದವರು, ಕೇರಳದವರೂ ಇದ್ದಾರೆ. ಎಂಟು ತಿಂಗಳ ಕಾಂಟ್ರಾಕ್ಟ್ ಅಂತೆ. ವಾರದ ರಜೆ ಅನ್ನುವುದೇ ಇಲ್ಲ. ಕ್ರಿಸ್‌ಮಸ್ ಅವನ ಮನೆಯ ಹಬ್ಬ. ಆ ದಿನವೇ ಅವನಿಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ. ಅಡುಗೆಯವರಲ್ಲಿ ಊರಿನವರು ಇದ್ದಾರೆ, ಏನಾದರೂ ಮಾಡಿಸುತ್ತೇನೆ ಅಂದ. ಮಾರನೇ ರಾತ್ರಿ ನಿಜವಾಗಲೂ ಅನ್ನ ಸಾರು ಬಂತು! ನನ್ನ ಹೆಂಡತಿ ಗೀತಾ ಹಡಗಿನ ಬಗ್ಗೆ ಹೇಳಿದ ಒಂದೇ ಒಳ್ಳೆಯ ಮಾತು ಆ ಸಾರಿನದು.

ಈಗ ನಿಜವಾದ ವಿಷಯ. ಹಡಗು ಬೆಳಿಗ್ಗೆ ಒಂದು ದ್ವೀಪಕ್ಕೆ ಬರುತ್ತದೆ, ಸಂಜೆ ಹೊರಡುತ್ತದೆ. ನಡುವಿನ ಎಂಟೊಂಬತ್ತು ಗಂಟೆ ನಿನ್ನದು. ಆ ಹೊತ್ತಿಗೆ ಹಡಗಿನವರೇ ಪ್ರವಾಸ ಮಾರುತ್ತಾರೆ: ದೋಣಿ, ಆಮೆ ಜೊತೆ ಈಜು, ಜಿಪ್‌ಲೈನ್, ಬೀಚು. ಹೊರಗಿನ ಟ್ಯಾಕ್ಸಿಗಿಂತ ದುಬಾರಿ. ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀನಾಗಿಯೇ ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ದ್ವೀಪಕ್ಕೆ ನಿನ್ನ ಖರ್ಚಿನಲ್ಲೇ ವಿಮಾನ ಹಿಡಿಯಬೇಕು. ಹಾಗಾಗಿ ನನ್ನ ಲೆಕ್ಕ ಸುಲಭ. ಬಂದರಿನಿಂದ ದೂರದ ಜಾಗವಾದರೆ ಹಡಗಿನವರ ಟಿಕೆಟ್ ತಗೋ. ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಂದು ಡಾಲರ್ ಕೂಡ ಕೊಡಬೇಡ.

ಹತ್ತಿರದ ಜಾಗ ಅಂದರೆ ಏನು ಗೊತ್ತಾ? ಆಂಟಿಗಾ! ಹಡಗು ಸೇಂಟ್ ಜಾನ್ಸ್ ಪೇಟೆಯ ಬಾಯಿಗೇ ಬಂದು ನಿಲ್ಲುತ್ತದೆ. ಇಳಿದವರೆಲ್ಲ ಬೀಚಿನ ಟ್ಯಾಕ್ಸಿ ಕಡೆ ಓಡಿದರು. ನಮ್ಮಲ್ಲಿ ವರ್ಷದ ಒಂದೊಂದು ದಿನಕ್ಕೆ ಒಂದೊಂದರಂತೆ 365 ಬೀಚ್ ಇವೆ ಅನ್ನುವುದು ಆ ಊರಿನವರ ಹೆಮ್ಮೆ. ನಾನು ಹೆಂಡತಿ ಮಗಳನ್ನು ಕರೆದುಕೊಂಡು ಎದುರಿನ ರಸ್ತೆ ಹತ್ತಿದೆ. ಎರಡು ಗೋಪುರದ ಇಗರ್ಜಿ ದಾಟಿ ಸ್ವಲ್ಪ ಮುಂದೆ ಹೋದರೆ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಅನ್ನುವ ಕ್ರಿಕೆಟ್ ಮೈದಾನ.

ಹೌದು ಕಣೋ, ಅದೇ. 2002ರ ಮೇ ತಿಂಗಳು, ಹಾಸ್ಟೆಲ್ ಟಿವಿ ರೂಮು, ವೆಸ್ಟ್ ಇಂಡೀಸ್ ಜೊತೆ ಟೆಸ್ಟ್ ಮ್ಯಾಚ್. ಬ್ಯಾಟ್ ಮಾಡುತ್ತಿದ್ದ ಕುಂಬ್ಳೆ ದವಡೆಗೆ ಅವರ ಬೌಲರ್ ಡಿಲನ್ ಬಾಲ್ ಬಡಿಯಿತು. ಮೂಳೆ ಮುರಿದಿದೆ ಅಂತ ಗೊತ್ತಾದ ಮೇಲೆ ಇನ್ನೇನು, ಅವನ ಆಟ ಮುಗೀತು ಅಂದುಕೊಂಡೆವು. ಆ ಮನುಷ್ಯ ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಇಳಿದ. 14 ಓವರ್ ಹಾಕಿದ. ಅವರ ದೊಡ್ಡ ಬ್ಯಾಟ್ಸ್‌ಮನ್ ಲಾರಾನನ್ನು ಎಲ್‌ಬಿಡಬ್ಲ್ಯೂ ಔಟ್ ಮಾಡಿದ. ಆಮೇಲೆ ಆಪರೇಷನ್‌ಗೆ ಬೆಂಗಳೂರಿನ ವಿಮಾನ ಹತ್ತಿದ. ಮ್ಯಾಚ್ ಡ್ರಾ ಆಯಿತು. ನಮ್ಮ ಹನ್ನೊಂದು ಜನರೂ, ವಿಕೆಟ್ ಕೀಪರ್ ರಾತ್ರಾ ಸಮೇತ ಬೌಲ್ ಮಾಡಿದ ಮ್ಯಾಚ್ ಅದು. ಅದೇ ರಾತ್ರಾ ಸೆಂಚುರಿ ಹೊಡೆದಿದ್ದ ಅನ್ನುವುದನ್ನು ನೀನೂ ಮರೆತಿರುತ್ತೀಯ.

ಈಗ ಅಲ್ಲಿ ದೊಡ್ಡ ಮ್ಯಾಚ್ ನಡೆಯುವುದಿಲ್ಲ. 2007ರ ವಿಶ್ವಕಪ್‌ಗೆ ಅಂತ ಊರ ಹೊರಗೆ ಆಂಟಿಗಾದವನೇ ಆದ ಬ್ಯಾಟ್ಸ್‌ಮನ್ ವಿವಿಯನ್ ರಿಚರ್ಡ್ಸ್ ಹೆಸರಿನ ಹೊಸ ಕ್ರೀಡಾಂಗಣ ಕಟ್ಟಿದ್ದಾರೆ. ಹಳೆಯದು ಊರಿನ ಆಟಕ್ಕೆ. ಪಕ್ಕದಲ್ಲೇ ಜೈಲು, ಹಿಂದೆ ಅಲ್ಲಿನ ಕೈದಿಗಳೇ ಪಿಚ್ ರೆಡಿ ಮಾಡುತ್ತಿದ್ದರು. ಗೇಟಿನ ಹತ್ತಿರ ವಯಸ್ಸಾದವನೊಬ್ಬ ಕುಳಿತಿದ್ದ. ಇಂಡಿಯಾ ಅಂದ ತಕ್ಷಣ ಮಾತು ಶುರು. ಲಾರಾ 1994ರಲ್ಲಿ 375, 2004ರಲ್ಲಿ 400 ರನ್ ಹೊಡೆದದ್ದು ಇಲ್ಲೇ. ರಿಚರ್ಡ್ಸ್ 1986ರಲ್ಲಿ 56 ಬಾಲಿಗೆ ನೂರು ಬಾರಿಸಿದ್ದೂ ಇಲ್ಲೇ. ಯಾವ ಹೊಡೆತ ಎಲ್ಲಿ ಬಿತ್ತು ಅಂತ ಕೈ ಮಾಡಿ ತೋರಿಸಿದ. ನಾನು ಕುಂಬ್ಳೆ ಹೆಸರು ಎತ್ತಿದೆ. 'ಯಾರು?' ಅಂದ. ಬ್ಯಾಂಡೇಜ್ ಅಭಿನಯಿಸಿ ತೋರಿಸಿದೆ. ಪಾಪ ಅಂತ ತಲೆ ಆಡಿಸಿ ಮತ್ತೆ ರಿಚರ್ಡ್ಸ್‌ಗೆ ಬಂದ. ಹುಲ್ಲು ಬೆಳೆದ ಮೈದಾನ ನೋಡಿ ನನ್ನ ಮಗಳು, 'ಅಪ್ಪಾ, ಇದಕ್ಕೆ ಬೀಚ್ ಬಿಟ್ಟು ಬಂದ್ವಾ?' ಅಂದಳು. ಮಧ್ಯಾಹ್ನ ಅವಳ ಬೀಚಿಗೂ ಹೋದೆವು ಬಿಡು. ಅಲ್ಲಿ ಟ್ಯಾಕ್ಸಿ ದರ ಸರ್ಕಾರದ್ದೇ, ಚೌಕಾಸಿ ಗೋಜಿಲ್ಲ. ನೆಲ್ಸನ್ಸ್ ಡಾಕ್‌ಯಾರ್ಡ್ ಎಂಬ ಹಳೆಯ ಹಡಗುಕಟ್ಟೆಯೂ ಇದೆ, ಯುನೆಸ್ಕೊ ಪಟ್ಟಿಯಲ್ಲಿರುವಂಥದ್ದು. ದ್ವೀಪದ ಆ ತುದಿಯಲ್ಲಿದೆ, ನಾವು ಹೋಗಲಿಲ್ಲ.

ಸೇಂಟ್ ಲೂಸಿಯಾಕ್ಕೆ ಮಾತ್ರ ಹಡಗಿನವರ ಬಸ್ಸೇ ಹಿಡಿ. ಹಡಗು ನಿಲ್ಲುವುದು ಕ್ಯಾಸ್ಟ್ರೀಸ್‌ನಲ್ಲಿ. ನೋಡಬೇಕಾದದ್ದೆಲ್ಲ ಸೂಫ್ರಿಯೇರ್ ಕಡೆ, ಒಂದೂವರೆ ಗಂಟೆ ದಾರಿ, ತಿರುವಿನ ಮೇಲೆ ತಿರುವು. ಬಾಳೆ ತೋಟ ಮುಗಿದರೆ ಕಾಡು, ಕಾಡು ಮುಗಿದರೆ ಕೆಳಗೆ ಸಮುದ್ರ. ನೀರಿನಿಂದ ನೆಟ್ಟಗೆ ಎದ್ದ ಪಿಟನ್ ಬೆಟ್ಟಗಳು, ಅಲ್ಲೇ ಹತ್ತಿರ ಕುದಿಯುವ ಗಂಧಕದ ಬುಗ್ಗೆ. ಗಂಧಕದ ಕೆಸರು ಮೈಗೆ ಬಳಿದುಕೊಂಡು ಬಿಸಿನೀರಲ್ಲಿ ತೊಳೆದುಕೊಳ್ಳುವುದು ಅಲ್ಲಿನ ಆಕರ್ಷಣೆ. ಗೀತಾ ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ಎಬ್ಬಿಸಿದರೂ ಏಳಲಿಲ್ಲ.

ದಾರಿಯಲ್ಲಿ ಒಂದು ರೋಟಿ ಅಂಗಡಿ. ಅರೆದ ಬೇಳೆ ತುಂಬಿದ ತೆಳ್ಳಗಿನ ರೋಟಿ, ಒಳಗೆ ಆಲೂಗಡ್ಡೆ ಕಡಲೆಯ ಗೊಜ್ಜು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ನಮ್ಮ ದೇಶದಿಂದ ಕೂಲಿಗಳನ್ನು ಕರಾರು ಬರೆಸಿಕೊಂಡು ಹಡಗಲ್ಲಿ ಸಾಗಿಸಿದರಲ್ಲ, ಅವರ ಜೊತೆ ಬಂದ ಅಡುಗೆ. ಟ್ರಿನಿಡಾಡ್‌ಗೆ 1845ರಲ್ಲಿ, ಸೇಂಟ್ ಲೂಸಿಯಾಕ್ಕೆ 1859ರಲ್ಲಿ ಮೊದಲ ಹಡಗು ಬಂತು. ಅಂಗಡಿಯಾಕೆಯ ಮುಖ ನಮ್ಮ ಕಡೆಯದೇ. ಊರು ಯಾವುದು ಅಂದರೆ ಸೇಂಟ್ ಲೂಸಿಯಾ ಅಂದಳು. ಇನ್ನೇನು ಅನ್ನಬೇಕು, ಅಲ್ವಾ? ಆ ಜನ ತಿಂಗಳುಗಟ್ಟಲೆ ಹಡಗಿನಲ್ಲಿ ಏನು ತಿಂದರೋ, ಎಷ್ಟು ಜನ ದಾರಿಯಲ್ಲೇ ಸತ್ತರೋ. ಆ ಸಂಜೆ ಬಫೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಒಂಥರಾ ಆಯಿತು.

ಬಾರ್ಬಡೋಸ್‌ಗೆ ಮುಟ್ಟಿದ್ದು ಕ್ರಿಸ್‌ಮಸ್ ದಿನವೇ. ಅಂಗಡಿ ಎಲ್ಲ ಬಂದ್. ಹಡಗಿನಲ್ಲಿ ಅರ್ಧ ಜನ ಇಳಿಯಲೇ ಇಲ್ಲ, ಅವರಿಗೇ ನಷ್ಟ. ರಾಜಧಾನಿ ಬ್ರಿಜ್‌ಟೌನ್‌ನಲ್ಲಿ ಅವತ್ತು ಬೆಳಗಿನ ಜಾವದ ಪೂಜೆ ಮುಗಿಸಿ ಜನ ಕ್ವೀನ್ಸ್ ಪಾರ್ಕ್‌ಗೆ ಬರುತ್ತಾರೆ. ಪೊಲೀಸ್ ಬ್ಯಾಂಡ್ ನುಡಿಸುತ್ತದೆ. ಅದಕ್ಕಿಂತ ಜನರ ಬಟ್ಟೆ ನೋಡಬೇಕು: ಹೊಸ ಸೂಟು, ಅಗಲದ ಟೋಪಿ, ಬಣ್ಣ ಬಣ್ಣದ ಗೌನು. ನಾವು ತಲುಪುವ ಹೊತ್ತಿಗೆ ಮುಗಿಯುತ್ತಾ ಬಂದಿತ್ತು. ಒಬ್ಬಾಕೆ ಮಗಳ ಕೈಗೆ ಕೆಂಪು ಶರಬತ್ತು ಕೊಟ್ಟಳು, ಹೆಸರು ಸಾರೆಲ್. ಶುಂಠಿ, ಲವಂಗ, ದಾಲ್ಚಿನ್ನಿ ಹಾಕಿರುತ್ತಾರೆ. ನಿಮ್ಮ ಅಜ್ಜಿ ಪುಂಡಿಪಲ್ಯ ಮಾಡುತ್ತಿದ್ದರಲ್ಲ, ಆ ಜಾತಿಯ ಗಿಡದ್ದೇ ಹೂವಿನ ಬುಡದ ಕೆಂಪು ಕವಚದಿಂದ ಮಾಡುವ ಪಾನಕ. ಕ್ರಿಸ್‌ಮಸ್‌ಗೆ ಇಲ್ಲದೆ ನಡೆಯುವುದಿಲ್ಲವಂತೆ.

ಅಲ್ಲಿನ ಕ್ರಿಕೆಟ್ ಮೈದಾನ ಕೆನ್ಸಿಂಗ್ಟನ್ ಓವಲ್ ಮುಚ್ಚಿತ್ತು. ನಿರೀಕ್ಷೆ ಇದ್ದದ್ದೇ. ಹೊರಗೆ ಅವರ ಹಳೆಯ ಆಟಗಾರ ಸೋಬರ್ಸ್ ಪ್ರತಿಮೆ ಇದೆ, ಅಲ್ಲೇ ಗೇಟಿಗೆ ಮುಖ ಒತ್ತಿ ನಿಂತೆ. 1962ರಲ್ಲಿ ನಮ್ಮ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್ ತಲೆಗೆ ಗ್ರಿಫಿತ್ ಬಾಲ್ ಬಡಿದದ್ದು ಈ ಊರಲ್ಲೇ, ಅವನಿಗೆ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ಕ್ಯಾಪ್ಟನ್ ವೊರೆಲ್ ಕೂಡ ಇದ್ದ. 1997ರ ಟೆಸ್ಟ್‌ನಲ್ಲಿ ಗೆಲ್ಲಲು 120 ರನ್ ಬೇಕಿದ್ದಾಗ ನಾವು 81ಕ್ಕೆ ಮುದುರಿದ್ದೂ ಇಲ್ಲೇ. ಆ ಮ್ಯಾಚ್‌ನ ಮೊದಲ ಇನಿಂಗ್ಸ್‌ನಲ್ಲಿ 78 ಹೊಡೆದಿದ್ದ ನಮ್ಮ ದ್ರಾವಿಡ್, 27 ವರ್ಷ ಆದ ಮೇಲೆ 2024ರ ಜೂನ್ 29ಕ್ಕೆ ಅದೇ ಮೈದಾನದಲ್ಲಿ ಕೋಚ್ ಆಗಿ ಟಿ20 ವಿಶ್ವಕಪ್ ಹಿಡಿದು ಕೂಗಿದನಲ್ಲ! ಯಾವತ್ತೂ ಕೂಗದ ಮನುಷ್ಯ. ಆ ಫೈನಲ್‌ನ ಕೊನೆಯ ಓವರ್‌ನಲ್ಲಿ ಸೂರ್ಯಕುಮಾರ್ ಬೌಂಡರಿ ಗೆರೆಯ ಹತ್ತಿರ ಕ್ಯಾಚ್ ಹಿಡಿದ ಮೂಲೆ ಎಲ್ಲಿ ಅಂತ ಗೇಟಿನ ಸಂದಿಯಿಂದ ಹುಡುಕಿದೆ. ಕಾಣಲಿಲ್ಲ. ನೀನು ಹೋದಾಗ ಹಬ್ಬದ ದಿನ ಬಿಟ್ಟು ಬೇರೆ ದಿನ ಬೀಳುವ ಹಾಗೆ ನೋಡಿಕೊ.

ಸೇಂಟ್ ಮಾರ್ಟಿನ್‌ನಲ್ಲಿ ತಲೆ ಮೇಲೇ ವಿಮಾನ ಇಳಿಯುವ ಬೀಚ್ ಇದೆ. ಹತ್ತು ನಿಮಿಷ ಚೆಂದ.

ಇನ್ನು ಕೆಲಸದ ಮಾತು. ಫ್ಲೋರಿಡಾದಿಂದ ಒಂದು ವಾರಕ್ಕೆ ಹೊರಡುವ ಹಡಗುಗಳು ಸಾಮಾನ್ಯವಾಗಿ ಬಾರ್ಬಡೋಸ್‌ವರೆಗೆ ಹೋಗುವುದಿಲ್ಲ. ಅಮೆರಿಕದ್ದೇ ಆದ ಪೋರ್ಟೊ ರಿಕೊ ದ್ವೀಪದ ಸ್ಯಾನ್ ಹುವಾನ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹತ್ತು. ಒಂದು ದಿನ ಮೊದಲೇ ಹೋಗು, ಹಬ್ಬದ ವಾರದಲ್ಲಿ ವಿಮಾನವನ್ನು ನಂಬುವ ಹಾಗಿಲ್ಲ. ನಿನ್ನ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು, ದ್ವೀಪಗಳಿಂದ ವಾಪಸ್ ಬರುವಾಗ ಮತ್ತೆ ಒಳಗೆ ಬಿಡಬೇಕಲ್ಲ. ಒಂದೊಂದು ದ್ವೀಪಕ್ಕೆ ಒಂದೊಂದು ನಿಯಮ, ದುಡ್ಡು ಕಟ್ಟುವ ಮೊದಲು ಭಾರತದ ಪಾಸ್‌ಪೋರ್ಟ್ ಅಂತ ಹೇಳಿ ಕೇಳು. ಕೈಗಡಿಯಾರ ತಾ, ಮೊಬೈಲ್ ತನ್ನಷ್ಟಕ್ಕೆ ಸಮಯ ಬದಲಾಯಿಸಿಕೊಳ್ಳುತ್ತದೆ. ಹಡಗು ನಡೆಯುವುದು ಅದರದ್ದೇ ಟೈಮಿಗೆ. ಶುಭಾಗೆ ಬಸ್ಸಲ್ಲೇ ವಾಂತಿ ಆಗುತ್ತಿತ್ತಲ್ವಾ? ಹಾಗಿದ್ದರೆ ಕೆಳಗಿನ ಮಹಡಿಯಲ್ಲಿ, ಹಡಗಿನ ಮಧ್ಯಭಾಗದ ರೂಮು ಕೇಳು, ಅಲ್ಲಿ ಅಲುಗಾಟ ಕಡಿಮೆ.

ನಿನ್ನ ರಜೆಯ ತಾರೀಕು ಬರೆದು ಕಳಿಸು. ಆಂಟಿಗಾ, ಬಾರ್ಬಡೋಸ್ ಎರಡೂ ಇರುವ ಹಡಗು ಯಾವುದು ಅಂತ ನಾನು ಹುಡುಕಿಡುತ್ತೇನೆ. ಡೆಕ್‌ ಮೇಲೆ ಕ್ರಿಸ್‌ಮಸ್ ಟೋಪಿ ಹಾಕಿಕೊಂಡು ಕುಣಿಯೋದು ನಿನ್ನಿಷ್ಟ.

ನಿನ್ನ,
ಪ್ರಕಾಶ